ಲಾರಿ ಅಪಘಾತದ ಹೊಣೆ ಚಾಲಕನ ಸೀಟಿಗೆ ಮುಗಿಯುವುದಿಲ್ಲ

(ಉಡುಪಿಯಲ್ಲಿ ಲಾರಿ ಮಾಲಕರು, ಚಾಲಕರು, ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಡುಬಿದ್ರಿಯಲ್ಲಾಗಲಿ, ಅಂಬಲಪಾಡಿಯಲ್ಲಾಗಲಿ, ಮಂಗಳೂರಿನ ನಂತೂರಿನಲ್ಲಾಗಲಿ, ಲಾರಿ ಅಪಘಾತವಾದಾಗ ಸೇರಿದ ಜನ ಮೊದಲು ಹುಡುಕುವುದು ಚಾಲಕನನ್ನು. ಮರುದಿನದ ಪತ್ರಿಕೆಯ ಸುದ್ದಿಯೂ ಚಾಲಕನ ವಿರುದ್ಧ ಪ್ರಕರಣ ದಾಖಲಾಗಿದೆ ಎಂಬಲ್ಲಿಗೆ ಮುಗಿಯುತ್ತದೆ. ಸತ್ತವರ ಮನೆಯವರಿಗೂ ಗೊತ್ತಾಗುವುದು ಅಷ್ಟೇ. ಆದರೆ ಆ ಲಾರಿ ರಸ್ತೆಗಿಳಿಯುವ ಮೊದಲೇ ಹಲವರು ಹಲವು ತೀರ್ಮಾನ ಮಾಡಿರುತ್ತಾರೆ. ಎಷ್ಟು ಟನ್ ತುಂಬಬೇಕು, ಎಷ್ಟು ಗಂಟೆಗೆ ತಲುಪಬೇಕು, ಸವೆದ ಟಯರನ್ನು ಈಗ ಬದಲಿಸಬೇಕೇ ಇನ್ನೊಂದು ತಿಂಗಳು ಓಡಿಸಬಹುದೇ, ಎರಡನೇ ಚಾಲಕ ಬೇಕೇ ಬೇಡವೇ. ಇವುಗಳಲ್ಲಿ ಒಂದನ್ನೂ ಸಾಮಾನ್ಯವಾಗಿ ಚಾಲಕ ತೀರ್ಮಾನಿಸುವುದಿಲ್ಲ. ತೀರ್ಮಾನ ಮಾಡಿದವರ ಬಾಗಿಲಿನವರೆಗೆ ಹೊಣೆಯನ್ನು ಒಯ್ಯುವ ದಾರಿ ನಮ್ಮ ಕಾನೂನಿನಲ್ಲಿದೆ. ಅದು ಎಲ್ಲಿ ಸಲೀಸು, ಎಲ್ಲಿ ಕಠಿಣ, ಎಲ್ಲಿ ನಮ್ಮ ಅವಸರದಿಂದಲೇ ಮುಚ್ಚಿಹೋಗುತ್ತದೆ ಎಂಬುದನ್ನು ಹೇಳಲು ಬಂದಿದ್ದೇನೆ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಪಣಂಬೂರಿನ ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡ ಲಾರಿಯೊಂದು ಶಿರಾಡಿ ಘಾಟಿ ಹತ್ತಿ ಹಾಸನದ ಕಡೆಗೆ ಹೊರಟಿದೆ. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿನಲ್ಲಿದೆಯೋ ಅವರು ಲಾರಿಯನ್ನು ಮಾರಿ ಎರಡು ವರ್ಷವಾಗಿದೆ. ಕೊಂಡವರು ಹೆಸರು ಬದಲಾಯಿಸಿಕೊಂಡಿಲ್ಲ. ಸಾಲ ಕೊಟ್ಟದ್ದು ಒಂದು ಫೈನಾನ್ಸ್ ಕಂಪನಿ. ಲೋಡು ಬುಕ್ ಮಾಡಿದ್ದು ಬೈಕಂಪಾಡಿಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿ. ಸರಕು ಕಳುಹಿಸಿದವರು ಒಬ್ಬರು, ತರಿಸಿಕೊಳ್ಳುವವರು ಇನ್ನೊಬ್ಬರು. ಬಿ.ಸಿ.ರೋಡ್ ದಾಟಿದ ಮೇಲೆ ಈ ಲಾರಿ ಬೈಕೊಂದಕ್ಕೆ ಡಿಕ್ಕಿ ಹೊಡೆಯುತ್ತದೆ, ಸವಾರ ಸಾಯುತ್ತಾನೆ. ಈಗ ಯಾರು ಹೊಣೆ?

ಇಲ್ಲಿ ಎರಡು ಬೇರೆ ಬೇರೆ ಪ್ರಕರಣಗಳು ಹುಟ್ಟುತ್ತವೆ. ಇವೆರಡನ್ನೂ ಒಂದೇ ಎಂದುಕೊಂಡು ಮೋಸಹೋಗುವ ಕುಟುಂಬಗಳು ಬಹಳ. ಮೊದಲನೆಯದು ಪೊಲೀಸರು ಹೂಡುವ ಕ್ರಿಮಿನಲ್ ಪ್ರಕರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವರಿಗೆ 5 ವರ್ಷದವರೆಗೆ ಶಿಕ್ಷೆಯಾಗಬಹುದು; ಹಳೆಯ ದಂಡ ಸಂಹಿತೆಯಲ್ಲಿ ಇದು 2 ವರ್ಷ ಇತ್ತು. ಅಪಘಾತ ಮಾಡಿ ವರದಿ ಮಾಡದೆ ಪರಾರಿಯಾದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುವ 106(2)ನೇ ಕಲಂ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಸಂಹಿತೆಯ ಉಳಿದ ಭಾಗವನ್ನು ಜಾರಿಗೆ ತಂದಾಗ ಸರ್ಕಾರ ಆ ಉಪಕಲಮನ್ನು ತಡೆಹಿಡಿಯಿತು.

ಎರಡನೆಯದು ಪರಿಹಾರದ ಅರ್ಜಿ. ಇದನ್ನು ಸಲ್ಲಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿಯಲ್ಲಿ. ಕ್ರಿಮಿನಲ್ ಪ್ರಕರಣದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು. ನ್ಯಾಯಮಂಡಳಿಯಲ್ಲಿ ಹಾಗಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. ಆದ್ದರಿಂದ ಚಾಲಕ ಕ್ರಿಮಿನಲ್ ನ್ಯಾಯಾಲಯದಲ್ಲಿ ಖುಲಾಸೆಯಾದರೂ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. ಚಾಲಕ ಬಿಡುಗಡೆಯಾದನಂತೆ, ಇನ್ನು ನಮಗೇನು ಸಿಗುತ್ತದೆ ಎಂದು ಕೈಚೆಲ್ಲಿದ ಮನೆಗಳನ್ನು ಕಂಡಿದ್ದೇನೆ. ಅದು ತಪ್ಪು ತಿಳಿವಳಿಕೆ. ದಯವಿಟ್ಟು ನಿಮ್ಮ ಊರಿನವರಿಗೆ ಇದೊಂದನ್ನಾದರೂ ತಿಳಿಸಿ.

ಈಗ ಮಾಲಕರ ವಿಷಯ. ಚಾಲಕ ಕೆಲಸದ ಮೇಲಿದ್ದಾಗ ಮಾಡಿದ ನಿರ್ಲಕ್ಷ್ಯಕ್ಕೆ ಅವನನ್ನು ಕೆಲಸಕ್ಕಿಟ್ಟುಕೊಂಡವರೂ ಹೊಣೆ. ಈ ತತ್ವದಲ್ಲಿ ತಕರಾರು ಕಡಿಮೆ. ತಕರಾರು ಇರುವುದು ಮಾಲಕ ಯಾರು ಎಂಬುದರಲ್ಲಿ. ಕಾಯ್ದೆಯ 2(30)ನೇ ಕಲಂ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲಕರು. ಸಾಲದ ಒಪ್ಪಂದ ಇದ್ದರೆ ವಾಹನ ಯಾರ ಸ್ವಾಧೀನದಲ್ಲಿದೆಯೋ ಅವರು. ಹಾಗಾಗಿ ನಮ್ಮ ಉದಾಹರಣೆಯ ಫೈನಾನ್ಸ್ ಕಂಪನಿ ಪಾರಾಗುತ್ತದೆ, ಲಾರಿ ಅದರ ಸ್ವಾಧೀನದಲ್ಲಿರಲಿಲ್ಲ. ಎರಡು ವರ್ಷದ ಹಿಂದೆ ಮಾರಿದವರು ಪಾರಾಗುವುದಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ, ವಾಹನ ಹಲವು ಕೈ ಬದಲಾಯಿಸಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಹೇಳಿತು. ಗಾಯಗೊಂಡವರು ಒಬ್ಬರಿಂದ ಒಬ್ಬರಿಗೆ ಮಾರಾಟದ ಜಾಡು ಹಿಡಿದು ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ಕಾಳಜಿ. ಅದು ಸರಿಯಾದ ಕಾಳಜಿ ಎಂದೇ ನಾನು ತಿಳಿದಿದ್ದೇನೆ. ಇಲ್ಲಿ ಕುಳಿತಿರುವ ಮಾಲಕರೇ, ನೀವು ಲಾರಿ ಮಾರಿ ದುಡ್ಡು ಎಣಿಸಿಕೊಂಡು, ಮಾರಾಟ ತಿಳಿಸುವ 29ನೇ ನಮೂನೆಗೆ ಸಹಿ ಹಾಕಿ ಕೊಂಡವರ ಕೈಗೇ ಕೊಟ್ಟು ಬಂದರೆ ಆಗಲಿಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ನಿಮ್ಮ ಹೆಸರು ಆ ದಾಖಲೆಯಲ್ಲಿರುವವರೆಗೆ ಆ ಲಾರಿಯ ಪ್ರತಿ ಟ್ರಿಪ್ಪಿಗೂ ನಿಮ್ಮ ಮನೆ, ತೋಟ ಜಾಮೀನು ಇಟ್ಟಂತೆಯೇ.

ಬ್ರೇಕ್ ಹಿಡಿಯಲಿಲ್ಲ ಎಂಬುದು ಮಾಲಕರ ಕಡೆಯಿಂದ ಮೇಲಿಂದ ಮೇಲೆ ಬರುವ ಉತ್ತರ. 1977ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೊಂದು ಅಳತೆ ಕೊಟ್ಟಿದೆ. ಯಾಂತ್ರಿಕ ದೋಷ ಎಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ತಕ್ಕ ಎಚ್ಚರ ವಹಿಸಿದ್ದರೂ ಪತ್ತೆಯಾಗದಂಥ ದೋಷ ಅದು ಎಂದೂ ತೋರಿಸಬೇಕು. ಎಫ್‌ಸಿ (ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮುಗಿದ, ಗ್ಯಾರೇಜಿನ ಒಂದು ಬಿಲ್ಲೂ ಇಲ್ಲದ ಲಾರಿಯ ಮಾಲಕರು ಇದನ್ನು ತೋರಿಸುವುದು ಕಷ್ಟ.

ವಿಮಾ ಕಂಪನಿಯನ್ನು ಜನ ಹೊಣೆಗಾರ ಎಂದುಕೊಳ್ಳುತ್ತಾರೆ. ಹೊಣೆ ಮಾಲಕರದ್ದು, ಪ್ರೀಮಿಯಂ ಪಡೆದು ಅದನ್ನು ತೀರಿಸಲು ಒಪ್ಪಿಕೊಂಡಿರುವುದು ಕಂಪನಿ. ಒಪ್ಪಿಗೆಯ ಷರತ್ತು ಮುರಿದಿದೆ ಎಂದು ಅದು ವಾದಿಸಬಹುದು, ಆದರೆ ಯಾವ ಕಾರಣಗಳನ್ನು ಎತ್ತಬಹುದು ಎಂಬುದನ್ನು ಕಾಯ್ದೆಯೇ ಸೀಮಿತಗೊಳಿಸಿದೆ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ ಎಂದಷ್ಟೇ ತೋರಿಸಿದರೆ ಸಾಲದು, ಮಾಲಕರು ಗೊತ್ತಿದ್ದೂ ಅಥವಾ ಎಚ್ಚರವಿಲ್ಲದೆ ಅಂಥವನ ಕೈಗೆ ಲಾರಿ ಕೊಟ್ಟರು ಎಂದು ಕಂಪನಿಯೇ ಸಾಬೀತುಪಡಿಸಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಸಾಬೀತಾದರೂ ಎಷ್ಟೋ ಪ್ರಕರಣಗಳಲ್ಲಿ ಆಗುವ ಆದೇಶ ಏನೆಂದರೆ, ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಲಿ, ಆಮೇಲೆ ಮಾಲಕರಿಂದ ವಸೂಲಿ ಮಾಡಲಿ. ಪರ್ಮಿಟ್ ಇಲ್ಲದೆ ಓಡಿಸಿದ ಪ್ರಕರಣದಲ್ಲೂ 2018ರಲ್ಲಿ ಇದೇ ದಾರಿ ಹಿಡಿಯಲಾಯಿತು. ಇನ್ಶೂರೆನ್ಸ್ ಇದೆಯಲ್ಲ, ನನಗೇನು ಎನ್ನುವ ಮಾಲಕರು ಈ ಎರಡನೇ ಭಾಗವನ್ನು ಮರೆಯುತ್ತಾರೆ. ವಸೂಲಿಯ ನೋಟಿಸು ವರ್ಷಗಳ ನಂತರ ಬರುತ್ತದೆ, ಬಡ್ಡಿ ಸೇರಿಸಿಕೊಂಡು.

ಸಣ್ಣ ವಾಹನದವರಿಗೆ ಒಂದು ಸಮಾಧಾನದ ಸಂಗತಿ ಇದೆ. ಮಲ್ಪೆಯಿಂದ ಮೀನು, ಸಂತೆಗೆ ತರಕಾರಿ ಸಾಗಿಸುವ ಚಿಕ್ಕ ವಾಹನಗಳ ಚಾಲಕರ ಲೈಸೆನ್ಸ್ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿತ್ತು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದು, ಪ್ರತ್ಯೇಕ ನಮೂದು ಬೇಕಿಲ್ಲ ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. ಅಪಾಯಕಾರಿ ಸರಕಿಗೆ ಮಾತ್ರ ಇದು ಅನ್ವಯವಾಗುವುದಿಲ್ಲ.

ನನ್ನ ಮುಖ್ಯ ವಿಷಯ ಲೋಡು ಮತ್ತು ಲೋಡು ಕೊಟ್ಟವರು. 2010ಕ್ಕಿಂತ ಹಿಂದೆ ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಪಣಂಬೂರಿನ ದಾರಿಯಲ್ಲಿ ಸಾಲುಗಟ್ಟಿ ಬರುತ್ತಿದ್ದುದನ್ನು ನೋಡಿದವರು ಇಲ್ಲಿ ಅನೇಕರಿದ್ದೀರಿ. ಘಾಟಿಯ ರಸ್ತೆ ಏನಾಯಿತು, ಎಷ್ಟು ಲಾರಿಗಳು ಪ್ರಪಾತಕ್ಕೆ ಉರುಳಿದವು ಎಂಬುದನ್ನೂ ನೋಡಿದ್ದೀರಿ. ಅಂದು ಪ್ರಕರಣ ದಾಖಲಾಗುತ್ತಿದ್ದುದು ಚಾಲಕರ ಮೇಲೆ. ಇಂದು ಅದಿರಿನ ಜಾಗದಲ್ಲಿ ಕಲ್ಲಿದ್ದಲು, ಜಲ್ಲಿ, ಮರಳು, ಕೆಂಪುಕಲ್ಲು ಇದೆ.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿಯನ್ನು ಹೆಚ್ಚಿಸಿತು. ಎರಡು ಆಕ್ಸಲ್ಲಿನ ಲಾರಿಗೆ ಲಾರಿಯ ತೂಕವೂ ಸೇರಿ 18.5 ಟನ್, ಮೂರು ಆಕ್ಸಲ್ಲಿಗೆ 28.5 ಟನ್. ಅದನ್ನು ಮೀರಿದರೆ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಈ ಕಲಂ ಓಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ; ಓಡಿಸಲು ಕಾರಣರಾದವರನ್ನೂ, ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 113ನೇ ಕಲಂ, ಹೆಚ್ಚು ಭಾರ ಹೇರಿದ ಲಾರಿಯನ್ನು ಮಾಲಕರಲ್ಲದವರು ಓಡಿಸುತ್ತಿದ್ದರೆ ಅದು ಮಾಲಕರ ತಿಳಿವಿನಿಂದಲೇ ಅಥವಾ ಆದೇಶದಿಂದಲೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ. ಇಷ್ಟು ಬಲವಾದ ಅಸ್ತ್ರ ಕಾಯ್ದೆಯಲ್ಲಿದೆ. ಬಳಸುವವರು ಕಡಿಮೆ.

ಸರಕು ಕಳುಹಿಸಿದವರನ್ನು, ಬುಕ್ ಮಾಡಿದ ಟ್ರಾನ್ಸ್‌ಪೋರ್ಟ್ ಕಚೇರಿಯನ್ನು ನ್ಯಾಯಮಂಡಳಿಗೆ ಎಳೆಯಬಹುದೇ? ಸುಲಭವಲ್ಲ, ಆದರೆ ಬಾಗಿಲು ಮುಚ್ಚಿಲ್ಲ. ಕೇರಳದ ಕಾವಲಿಲ್ಲದ ರೈಲ್ವೆ ಗೇಟೊಂದರಲ್ಲಿ ನಡೆದ ಅಪಘಾತದ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್, ವಾಹನದ ಮಾಲಕರಲ್ಲದಿದ್ದರೂ ಅಪಘಾತಕ್ಕೆ ನಿರ್ಲಕ್ಷ್ಯದಿಂದ ಕಾರಣವಾದ ರೈಲ್ವೆಯ ವಿರುದ್ಧವೂ ಅದೇ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು ಎಂದಿತು. ಹೆಚ್ಚು ಭಾರ ತುಂಬಿಸಿದವರು, ಸರಕನ್ನು ಸರಿಯಾಗಿ ಕಟ್ಟದೆ ಕಳುಹಿಸಿದವರು, ರಸ್ತೆಯನ್ನು ಅಗೆದು ಎಚ್ಚರಿಕೆಯ ಫಲಕ ಹಾಕದೆ ಹೋದ ಗುತ್ತಿಗೆದಾರರು, ಇವರೆಲ್ಲರ ವಿರುದ್ಧ ವಾದ ಕಟ್ಟಲು ಆ ತೀರ್ಪು ನೆಲೆಯಾಗುತ್ತದೆ. ಅವರ ತಪ್ಪಿಗೂ ಅಪಘಾತಕ್ಕೂ ಇರುವ ಸಂಬಂಧವನ್ನು ನಾವು ತೋರಿಸಬೇಕು, ಅಷ್ಟೇ. ಭಾರ ಹೆಚ್ಚಾದ ಲಾರಿ ನಿಲ್ಲಲು ಹೆಚ್ಚು ದೂರ ಬೇಕು, ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ಐಎಂವಿ, ಅಂದರೆ ಮೋಟಾರು ವಾಹನ ನಿರೀಕ್ಷಕರ ವರದಿಯ ಜೊತೆ, ಲಾರಿ ತೂಕ ಮಾಡುವ ವೇ ಬ್ರಿಜ್‌ನ ಚೀಟಿ ಇಟ್ಟು ಹೇಳಿಸಬಹುದು.

ಹಾಗಾದರೆ ಇದು ಯಾಕೆ ನಡೆಯುವುದಿಲ್ಲ? ನನ್ನ ವೃತ್ತಿಯವರ ಬಗ್ಗೆಯೇ ಹೇಳಬೇಕಾಗುತ್ತದೆ. ಲಾರಿಗೆ ಇನ್ಶೂರೆನ್ಸ್ ಇದ್ದರೆ ಹಣ ಅಲ್ಲಿಂದ ಬರುತ್ತದೆ, ಪಕ್ಷಗಾರರನ್ನು ಹೆಚ್ಚಿಸಿದರೆ ಪ್ರಕರಣ ಎಳೆಯುತ್ತದೆ ಎಂಬ ಲೆಕ್ಕಾಚಾರ ನಮ್ಮದು. ಸಂತ್ರಸ್ತರ ಮನೆಯ ಕಷ್ಟ ನೋಡಿದರೆ ಆ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ ಅದರ ಫಲವಾಗಿ, ಭಾರ ಹೇರಲು ಹೇಳಿದವರು ಕೋರ್ಟಿನ ಮೆಟ್ಟಿಲು ಹತ್ತುವುದೇ ಇಲ್ಲ. ಮರುದಿನ ಅದೇ ಜಾಗದಲ್ಲಿ ಇನ್ನೊಂದು ಲಾರಿಗೆ ಅಷ್ಟೇ ಭಾರ ಹೇರುತ್ತಾರೆ. ತಕ್ಕ ಸಾಕ್ಷ್ಯವಿರುವ ಪ್ರಕರಣಗಳಲ್ಲಾದರೂ ಅವರನ್ನು ಎದುರು ಪಕ್ಷಗಾರರನ್ನಾಗಿ ಮಾಡಬೇಕು. ಇಲ್ಲಿರುವ ಕಾನೂನು ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು.

ಗ್ಯಾಸ್ ಮತ್ತು ರಾಸಾಯನಿಕದ ಟ್ಯಾಂಕರ್‌ಗಳ ವಿಷಯದಲ್ಲಿ ನಿಯಮ ಇನ್ನೂ ಸ್ಪಷ್ಟ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 131ನೇ ನಿಯಮ ಸರಕು ಕಳುಹಿಸುವವರ ಹೊಣೆ ಹೇಳುತ್ತದೆ, 132 ಸಾಗಿಸುವವರ ಹೊಣೆ, 133 ಚಾಲಕನ ಹೊಣೆ. ವಾಹನ ಆ ಸರಕಿಗೆ ಯೋಗ್ಯವೇ, ಚಾಲಕನಿಗೆ ತರಬೇತಿ ಆಗಿದೆಯೇ, ತುರ್ತು ಸಮಯದಲ್ಲಿ ಏನು ಮಾಡಬೇಕೆಂಬ ಮಾಹಿತಿ ಅವನ ಕೈಯಲ್ಲಿದೆಯೇ ಎಂಬ ಪ್ರಶ್ನೆಗಳನ್ನು ಈ ಮೂರನ್ನೂ ಒಟ್ಟಿಗೆ ಇಟ್ಟು ಕೇಳಬೇಕು. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್‌ನಲ್ಲಿ ನಮ್ಮ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಸುಟ್ಟುಹೋದರು. ಮನೆಯೊಳಗಿದ್ದವರಿಗೆ ಟ್ಯಾಂಕರ್ ಚಾಲಕನ ಒಂದು ಕ್ಷಣದ ತಪ್ಪು ಎಂದು ಉತ್ತರ ಕೊಟ್ಟರೆ ಅದು ಉತ್ತರವಾಗುವುದಿಲ್ಲ.

ನಿದ್ದೆಯ ಬಗ್ಗೆ ಹೇಳುತ್ತೇನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬರುವವರೆಗೆ, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ದೂರದ ಮಾರ್ಗಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆಯವರೆಗೆ ಸಡಿಲಿಕೆ ಇತ್ತು. 5 ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕಿತ್ತು. ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಇದೇ ಮಿತಿಯನ್ನು ಸಾರಿಗೆ ವಾಹನ ನಡೆಸುವವರಿಗೆಲ್ಲ ಅನ್ವಯಿಸಿತ್ತು. ಚಾಲಕ ಎಷ್ಟು ಹೊತ್ತಿನಿಂದ ಸ್ಟಿಯರಿಂಗ್ ಹಿಡಿದಿದ್ದ ಎಂದು ಹಿಂದೆ ಸಾಬೀತುಪಡಿಸುವುದು ಕಷ್ಟವಾಗಿತ್ತು. ಈಗ ಫಾಸ್ಟ್ಯಾಗ್ ದಾಖಲೆ ಇದೆ. ತಲಪಾಡಿ, ಹೆಜಮಾಡಿ, ಸಾಸ್ತಾನ, ಬ್ರಹ್ಮರಕೂಟ್ಲು ಟೋಲ್‌ಗಳನ್ನು ಲಾರಿ ಎಷ್ಟು ಗಂಟೆಗೆ ದಾಟಿತು ಎಂಬುದು ಅಲ್ಲಿ ನಮೂದಾಗಿರುತ್ತದೆ. ಸರಕು ಸಾಗಣೆಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ಲಿನಲ್ಲಿ ಸರಕು ಯಾರದ್ದು, ಯಾರಿಗೆ, ಯಾವ ವಾಹನ ಎಂಬುದೆಲ್ಲ ಇರುತ್ತದೆ. ಇವುಗಳನ್ನು ತರಿಸಿಕೊಡುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ಕೇಳಿದವರಿಗೆ ಮಾತ್ರ ಅವು ಸಿಗುತ್ತವೆ.

ರಾತ್ರಿ ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಬೈಕ್ ಹಿಂದಿನಿಂದ ಗುದ್ದಿದರೆ, ತಪ್ಪು ಬೈಕಿನವನದ್ದೇ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿಬಿಡುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ ರಸ್ತೆಯ ಮಧ್ಯೆ ದೀಪವಾಗಲಿ ಸೂಚನೆಯಾಗಲಿ ಇಲ್ಲದೆ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರ್‌ಗೆ ಕಾರು ಗುದ್ದಿತ್ತು. ಹೈಕೋರ್ಟ್ ಕಾರಿನವರ ಮೇಲೂ ಪಾಲು ಹೊರಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಪೂರ್ತಿ ನಿರ್ಲಕ್ಷ್ಯ ಟ್ಯಾಂಕರಿನದ್ದು ಎಂದಿತು. ಹಾಗೆಯೇ ಬಸ್ಸು ಮತ್ತು ಲಾರಿ ಎರಡರ ತಪ್ಪಿನಿಂದ ಮೂರನೆಯವರಿಗೆ ಗಾಯವಾದರೆ, ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಪಡೆಯಬಹುದು ಎಂಬುದು 2015ರ ತೀರ್ಪು. ಪಾಲು ಹಂಚಿಕೊಳ್ಳುವುದು ಅವರವರ ತಲೆನೋವು.

ಲಾರಿಯ ಮೇಲೆ ಕುಳಿತವರ ಸ್ಥಿತಿ ಮಾತ್ರ ಕರುಣಾಜನಕ. ಸರಕಿನ ಮಾಲಕರು ಅಥವಾ ಅವರ ಪ್ರತಿನಿಧಿ ಲಾರಿಯಲ್ಲಿದ್ದರೆ 1994ರ ತಿದ್ದುಪಡಿಯ ನಂತರ ವಿಮೆಯ ರಕ್ಷಣೆ ಇದೆ. ಲಾರಿ ಮಾಲಕರ ಕೆಲಸಗಾರರಿಗೂ ಇದೆ. ದಾರಿಯಲ್ಲಿ ಕೈ ತೋರಿಸಿ ಹತ್ತಿದವರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿಬಿಟ್ಟಿದೆ. ಕೆಂಪುಕಲ್ಲಿನ ಲೋಡಿನ ಮೇಲೆ ಕುಳಿತು ಹೋಗುವ ಕೂಲಿಯವರು ಯಾವ ಸಾಲಿಗೆ ಸೇರುತ್ತಾರೆ? ಅವರನ್ನು ಲಾರಿ ಮಾಲಕರು ಕರೆದರೋ, ಕ್ವಾರಿಯವರೋ, ಮನೆ ಕಟ್ಟಿಸುವವರೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಕೂಲಿ ಯಾರ ಕೈಯಿಂದ ಬಂತು ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ಈ ಜನ ಗಾಯಗೊಂಡು ಊರಿಗೆ ಮರಳುತ್ತಾರೆ, ಅರ್ಜಿ ಹಾಕುವವರೇ ಇರುವುದಿಲ್ಲ. ಅವರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು, ಮಂಗಳೂರಿಗೆ ಅಲೆಯಬೇಕಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು.

ಮೊದಲ ವಾರದಲ್ಲಿ ಮಾಡಬೇಕಾದದ್ದು ಬಹಳ ಇದೆ. ಲಾರಿಯ ನಂಬರು, ಟಯರು, ಲೋಡು, ರಸ್ತೆಯ ಮೇಲಿನ ಬ್ರೇಕಿನ ಗುರುತು ಇವುಗಳ ಫೋಟೊ ಇರಲಿ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅದನ್ನು ಉಳಿಸಿಕೊಡುವಂತೆ ಪೊಲೀಸರಿಗೆ ಲಿಖಿತವಾಗಿ ಕೊಡಿ. ಲೋಡನ್ನು ಇನ್ನೊಂದು ಲಾರಿಗೆ ವರ್ಗಾಯಿಸುವ ಮೊದಲು ತೂಕ ಮಾಡಿಸುವಂತೆ ಕೇಳಿ. ಈ ಒಂದು ಸಾಕ್ಷ್ಯ ಹೋದರೆ ಮತ್ತೆ ಸಿಗುವುದಿಲ್ಲ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು 48 ಗಂಟೆಗಳಲ್ಲಿ ಮೊದಲ ವರದಿಯನ್ನು, 90 ದಿನಗಳಲ್ಲಿ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ವಾಹನ ಮತ್ತು ವಿಮೆಯ ವಿವರ ಕೇಳುವ ಹಕ್ಕು 160ನೇ ಕಲಂ ಅಡಿಯಲ್ಲಿ ನಿಮಗಿದೆ. ಅರ್ಜಿ ಸಲ್ಲಿಸಲು ಕಾಯ್ದೆ ಕೊಡುವ ಅವಧಿ 6 ತಿಂಗಳು, ವೈಕುಂಠ ಸಮಾರಾಧನೆ, ವರ್ಷಾಂತಿಕ ಎಲ್ಲ ಮುಗಿಯಲಿ ಎಂದು ಕಾಯಬೇಡಿ. ಯಾರ ತಪ್ಪು ಎಂದು ನೋಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ 164ನೇ ಕಲಂ ಇದೆ. ಆದರೆ ವಿಮಾ ಕಂಪನಿ ಮುಂದಿಟ್ಟ ಆ ಮೊತ್ತವನ್ನು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ದುಡಿಯುವ ವಯಸ್ಸಿನವರನ್ನು ಕಳೆದುಕೊಂಡ ಮನೆಗೆ ನ್ಯಾಯಮಂಡಳಿಯಲ್ಲಿ ಸಿಗಬಹುದಾದದ್ದು ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಸಹಿ ಹಾಕುವ ಮೊದಲು ಯಾರನ್ನಾದರೂ ಕೇಳಿ.

ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಬರುತ್ತೇನೆ. ತಪ್ಪು ಲಾರಿ ಚಾಲಕನದ್ದೇ, ಸತ್ತವನೂ ಅವನೇ ಆದರೆ ಅವನ ಮನೆಯವರಿಗೆ ಏನೂ ಇಲ್ಲವೇ? ಇದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಯಾರ ನಿರ್ಲಕ್ಷ್ಯ ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಬರುವುದಿಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣದಿಂದ ಸತ್ತರೆ ಸಾಕು. ಚಾಲಕನಿಗೂ ಕ್ಲೀನರಿಗೂ ಇದು ಅನ್ವಯ. ಈ ಹೊಣೆಯನ್ನು ಲಾರಿಯ ಕಡ್ಡಾಯ ವಿಮೆಯೇ ಹೊತ್ತಿರುತ್ತದೆ, ಹಾಗಾಗಿ ಮಾಲಕರು ಹೆದರಿ ಮುಚ್ಚಿಡಬೇಕಾದ್ದಿಲ್ಲ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. ಸಂಬಳವನ್ನು ಗರಿಷ್ಠ 15,000 ರೂಪಾಯಿ ಎಂದು ಹಿಡಿಯುವುದು ಹಳೆಯ ಕಾಯ್ದೆಯಡಿ 2020ರ ಜನವರಿಯಲ್ಲಿ ಬಂದ ಲೆಕ್ಕ. 30 ವರ್ಷದ ಚಾಲಕನಿಗೆ ಆ ಅಂಕಿ 207.98. ಅಂದರೆ 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ತಕ್ಕ ಕಾರಣವಿಲ್ಲದೆ ತಡ ಮಾಡಿದರೆ ಅದರ ಮೇಲೆ ಶೇ 50ರವರೆಗೆ ದಂಡ. ನಿಮ್ಮ ಗಂಡನ ತಪ್ಪಿನಿಂದಲೇ ಆದದ್ದು, ನಿಮಗೇನೂ ಬರುವುದಿಲ್ಲ ಎಂದು ಯಾರಾದರೂ ಹೇಳಿ ಖಾಲಿ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. ಮಂಗಳೂರು, ಉಡುಪಿ ಎರಡೂ ಕಡೆ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಆ ಕಾಗದವನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ.